ಕೊನೆಯ ಕಾಲಮ್ಮು

ರೀಗಾದ ಟ್ರಾಮ್ ಡಿಪೋದ ಹಿಂಬದಿಗೆ
ಮೂರು ಮೆಟ್ಟಿಲಿಳಿದರೆ ನನ್ನ ಕೋಣೆ.
ಜನ ಮರೆತು ಇಳಿದದ್ದೆಲ್ಲ
ಇಲ್ಲಿ ಬಂದು ಒದ್ದೆ ಆರಿಸಿಕೊಳ್ಳುತ್ತದೆ.

ಮೇಲಧಿಕಾರಿ ತಾಲಿವಾಲ್ದಿಸ್ ಕೇಳಿದ:
ಸ್ಕೈದ್ರೀತೆ, ಹೊಸ ಕಪಾಟು ಮಾಡಿಸಬೇಕು,
ಯಾವುದು ಹೆಚ್ಚು ಬರುತ್ತದೆ ಹೇಳು,
ಅದಕ್ಕೆ ದೊಡ್ಡ ಖಾನೆ.
ಛತ್ರಿ, ಅಂದೆ.
ಅಂದಾಜೋ ಲೆಕ್ಕವೋ, ಅಂದ.
ಇಪ್ಪತ್ತಾರು ವರ್ಷದ ಅಂದಾಜು ಅವನಿಗೆ ಸಾಲದು.

ಮೇಲ್ಮಹಡಿಯ ದಾರ್ತಾ, ಹದಿನಾಲ್ಕರ ಹುಡುಗಿ,
ನನ್ನ ಅಡುಗೆಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು
ಎರಡು ಬಟ್ಟಲು ಬೀಟ್‌ರೂಟ್ ಸೂಪಿನ ಸಂಬಳಕ್ಕೆ
ಹೇಳಿಕೊಟ್ಟಳು:
ಮೊದಲು ಒಂದು ಖಾಲಿ ಡಿಕ್ಷನರಿ.
ಅರ್ಥ ಹೇಳುವ ನಿಘಂಟಲ್ಲ,
ಹೆಸರಿನ ಎದುರು ಎಣಿಕೆ ಇಡುವ ಡಬ್ಬಿ.
ಪಟ್ಟಿಯ ಮೇಲಿಂದ ಕೆಳಕ್ಕೆ ಒಂದೇ ಸಲ ಇಳಿ.
ಹೊಸ ಮುಖವೇ? ಒಂದು ಅಂತ ಬರೆ.
ಹಳೆ ಪರಿಚಯವೇ? ಇದ್ದದ್ದಕ್ಕೆ ಒಂದು ಕೂಡಿಸು.

ಅಷ್ಟೇನಾ? ಅಷ್ಟೇ.
ಪೆನ್ಸಿಲಿನಲ್ಲಿ ನಾಲ್ಕು ಗೀಟೆಳೆದು
ಅಡ್ಡಕ್ಕೆ ಒಂದು ಹೊಡೆದು
ಐದೈದರ ಕಟ್ಟು ಕಟ್ಟುತ್ತಿದ್ದೆನಲ್ಲ,
ಅದೇ ಕಟ್ಟಿಗೆ ಕರೆಂಟು ಕೊಟ್ಟಿದ್ದಾರೆ.

ಮೊದಲ ಸಲ ಓಡಿಸಿದಾಗ
ಛತ್ರಿ ನೂರೆಪ್ಪತ್ತು,
ಕೆಳಗೆ ಮತ್ತೆ ಛತ್ರಿ ನಲವತ್ತೆರಡು.
ಎರಡನೆಯದರ ಬಾಲಕ್ಕೆ ಒಂದು ಸ್ಪೇಸು ಅಂಟಿತ್ತು,
ನನ್ನ ಹೆಬ್ಬೆರಳಿನದೇ ಕೆಲಸ.
ಇಲ್ಲದ್ದನ್ನೂ ಒಂದು ಅಕ್ಷರವೆಂದು ಓದುತ್ತದೆ ಯಂತ್ರ.
ಬಾಲ ಕತ್ತರಿಸಿದೆವು.
ಛತ್ರಿ ಇನ್ನೂರ ಹನ್ನೆರಡು.

ಗೆದ್ದಿತು ಅಂತ ಬರೆಯಹೊರಟರೆ ಕೈ ಹಿಡಿದಳು:
ಅತಿ ಹೆಚ್ಚು ಯಾವುದು ಅಂದರೆ ಒಂದನ್ನೇ ಹೇಳುತ್ತದೆ ಇದು,
ಮೊದಲು ಬಂದವರಿಗೆ ಮೊದಲ ಮಣೆ.
ಅತಿ ಹೆಚ್ಚು ಎಷ್ಟು ಅಂತ ತಿಳಿದುಕೊ,
ಆಮೇಲೆ ಅಷ್ಟೇ ಇರುವವರನ್ನೆಲ್ಲ ಕರೆ.
ಕರೆದೆವು.
ಛತ್ರಿಯ ಪಕ್ಕ ತಲೆ ತಗ್ಗಿಸಿ ನಿಂತಿತ್ತು
ಒಂಟಿ ಗವಸು.
ಅದೂ ಇನ್ನೂರ ಹನ್ನೆರಡು.

ಕೆಳಗೆ, ಬಹಳ ಕೆಳಗೆ,
ಒಂದೊಂದೇ ಸಲ ಬಂದವು:
ಪಿಟೀಲಿನ ಕಮಾನು,
ಉಪ್ಪುಮೀನಿನ ಬಕೆಟ್ಟು,
ಬೆಂಕಿಪೊಟ್ಟಣದಲ್ಲಿ ಹಾಲುಹಲ್ಲು,
ಜೂನ್ ಹಬ್ಬದ ಓಕ್ ಎಲೆಯ ಕಿರೀಟ, ಇನ್ನೂ ಹಸಿರಾಗಿದ್ದಾಗ.
ಇವಕ್ಕೆ ಖಾನೆ ಎಲ್ಲಿಯದು, ಕಿಟಕಿಕಟ್ಟೆಯೇ ಗತಿ.

ದಾರ್ತಾ ಮಲಗಲು ಹೋದ ಮೇಲೆ
ಕೈ ಸುಮ್ಮನಿರದೆ
ಕಾಲಮ್ಮಿನ ಹೆಸರು ಬದಲಿಸಿದೆ,
'ವಸ್ತು' ಇದ್ದಲ್ಲಿ 'ಒಯ್ದವರು'.
ಊರಿನ ದೊಡ್ಡ ಮರೆಗುಳಿ ಯಾರೆಂದು ನೋಡೋಣ ಅಂತ.
ಬಂತು ಉತ್ತರ:
ಎರಡು ಉದ್ಧರಣ ಚಿಹ್ನೆ, ನಡುವೆ ಏನಿಲ್ಲ.
ಎದುರಿಗೆ, ಸಾವಿರದ ಒಂಬೈನೂರ ನಾಲ್ಕು.

ಖಾಲಿಗೂ ಒಂದು ಬೆಲೆ ಉಂಟು ಈ ಭಾಷೆಯಲ್ಲಿ.
ಬೇಡವಾದರೆ, ಖಾಲಿ ಸಿಕ್ಕರೆ ದಾಟಿ ಹೋಗು
ಅನ್ನಲು ಒಂದು ಸಾಲು ಸಾಕಂತೆ,
ದಾರ್ತಾಳನ್ನು ಕೇಳಿದ್ದರೆ ಬರೆದುಕೊಡುತ್ತಿದ್ದಳು.
ಕೇಳಲಿಲ್ಲ.

ಬೆಳಗ್ಗೆ ತಾಲಿವಾಲ್ದಿಸ್‌ಗೆ ಚೀಟಿ ಕೊಟ್ಟೆ: ಎರಡು ದೊಡ್ಡ ಖಾನೆ.
ಒಂದು ಸಾಲದೇ, ಅಂದ.
ಎರಡೂ ಸಾಲವು, ಅಂದೆ.

ಹನ್ನೊಂದಕ್ಕೆ ಒಬ್ಬ ಬಂದ,
ಎಡಗೈಗೆ ಬೂದು ಉಣ್ಣೆ, ಬಲಗೈ ಜೇಬಿನೊಳಗೆ.
ಒಂದು ಗವಸಿಗೆ ಇಷ್ಟು ದೂರ ಬಂದನೆಂದು ನಗಬೇಡಿ, ಅಂದ.
ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದೆ.
ಇಪ್ಪತ್ತು ನಿಮಿಷ ಕೆದಕಿದ,
ಸಿಕ್ಕಿದ್ದನ್ನು ಅಲ್ಲೇ ತೊಟ್ಟು
ಬೆರಳು ಒಂದೊಂದಾಗಿ ಮಡಚಿ ನೋಡಿಕೊಂಡ.
ಕೊನೆಯ ಕಾಲಮ್ಮಿನಲ್ಲಿ ಬರೆದೆ, ಗುಂತಿಸ್,
ಬಾಲಕ್ಕೆ ಏನೂ ಅಂಟದ ಹಾಗೆ.

ರಾತ್ರಿ ಮತ್ತೆ ಓಡಿಸಿದೆ.
ಸಾವಿರದ ಒಂಬೈನೂರ ಮೂರು.
ಮೊದಲ ಮಣೆ ಇನ್ನೂ ಅದಕ್ಕೇ.