ಮಂಗಳವಾರ, ಎಂಟೂವರೆ

ಕೋಟೆಯೊಳಗಿನ ಹಳೆ ಇಗರ್ಜಿಯಲ್ಲಿ ಈಗ ಮ್ಯೂಸಿಯಂ.
ನಾನು ಅದರ ಕಾವಲು; ಹತ್ತೊಂಬತ್ತು ವರ್ಷದಿಂದ
ನನ್ನ ಕಸುಬು ಒಂದೇ ಮಾತು: ಮುಟ್ಟಬೇಡಿ.

ಇಂದು ಬಾಗಿಲು ಬೇಗ ತೆರೆದೆ.
ಮೇಲಿನವರ ಚೀಟಿಯಲ್ಲಿದ್ದಂತೆ
ಸೀಟಿ ಮೇಜಿನ ಖಾನೆಗೆ,
ಬೀಗದ ಕೈ ಗೊಂಚಲು ಕರ್ಚೀಫಿನೊಳಗೆ,
ಬೂಟು ಹೊರಗೆ.
ಕೊನೆಗೆ ಟ್ಯೂಬ್‌ಲೈಟಿನ ಸ್ವಿಚ್ಚು.

ಆರಿದ ಮೇಲೆ ಗೊತ್ತಾಯಿತು
ಅದು ಗುಂಯ್ ಅನ್ನುತ್ತಿತ್ತೆಂದು.

ಅಮ್ಮ ಬರುತ್ತಲೇ ಸಾರಿ ಅಂದರು.
ಏನೂ ಆಗಿರಲಿಲ್ಲ ಇನ್ನೂ.
ಮತ್ತೆರಡು ಸಲ ಅಂದರು,
ಬಸ್ಸಿಗೆ ಮೊದಲೇ ಚಿಲ್ಲರೆ ಎಣಿಸಿಟ್ಟುಕೊಂಡವರ ಹಾಗೆ.

ಮುದ್ದಯ್ಯನಿಗೆ ಒಂಬತ್ತು. ಕಿವಿಗೆ ನೀಲಿ ಮುಚ್ಚಳ.
ಕತ್ತಿ ನೋಡಲಿಲ್ಲ, ನಾಣ್ಯ ನೋಡಲಿಲ್ಲ,
ಮುಟ್ಟಲೆಂದೇ ಇಟ್ಟ ಹಿತ್ತಾಳೆ ಸೇರನ್ನು
ಬಳಸಿಕೊಂಡು ಹೋದ.
ಬಣ್ಣದ ಗಾಜು ನೆಲಕ್ಕೆ ಚೆಲ್ಲಿದ ಕೆಂಪಿನ ಅಂಚಿಗೆ
ಉದ್ದಕ್ಕೆ ಮಲಗಿ, ಕೆನ್ನೆಯನ್ನು ಕಲ್ಲಿಗೆ ಕೊಟ್ಟು
ಮುಚ್ಚಳ ತಾನೇ ತೆಗೆದಿಟ್ಟ.

'ಏಳ್ ಕುಂಞಿ' ಎಂದರು ಅಮ್ಮ.
ಇರಲಿ ಬಿಡಿ, ಅಂದೆ. ನೆಲಕ್ಕೆ ಬೋರ್ಡಿಲ್ಲ.

ಕೆಂಪು ಸರಿದಂತೆ ಅವನೂ ಸರಿದ,
ಒಂದು ಗೇಣು. ತುಂಬ ಹೊತ್ತು. ಇನ್ನೊಂದು ಗೇಣು.
ಅಮ್ಮ ಗೋಡೆಗೊರಗಿ ಕೂತರು,
ಚಪ್ಪಲಿ ಬಿಚ್ಚಿ ಕಾಲು ಚಾಚಿದರು.
ಮಗನ ಹೆಸರು ಬಿಟ್ಟು ತಮ್ಮ ಹೆಸರು ಹೇಳಿದರು,
ನಾನು ಕೇಳಿರಲಿಲ್ಲ: ಬೊಳ್ಳವ್ವ.

ಹತ್ತಕ್ಕೆ ಹುಣಸೂರಿನ ಶಾಲೆ ಬಸ್ಸು ಬಂತು.
ಬೂಟು ಹಾಕಿದೆ, ಸ್ವಿಚ್ಚು ಒತ್ತಿದೆ,
ಸೀಟಿ ಮರೆತೆ.

ಎಪ್ಪತ್ತು ಮಕ್ಕಳ ಗದ್ದಲದ ಅಡಿಯಲ್ಲಿ
ಗುಂಯ್, ಬಿಡದೆ.
ತಲೆಯೆತ್ತಿ ನಿಂತಿದ್ದೇನೆ.
ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ತಾನೂ ತಲೆಯೆತ್ತಿ,
'ಅಂಕಲ್, ಮೇಲೆ ಏನಿದೆ?'