ಹಳೆಯದು ಇರುವಾಗಲೇ

ಆರು ಕೋರಿನದು ಬಂತು, ನೂರ ನಲವತ್ತು ಲರಿಗೆ,
ಎಲಿಯಾವಾ ಬಜಾರಿನಿಂದ ರುಸ್ತಾವಿಯವರೆಗೆ
ಮೊಟ್ಟೆ ಟ್ರೇಯ ಒಂದು ಗುಳಿಯಲ್ಲಿ ಕೂತು.
ಅದರಲ್ಲಿ ನನ್ನದೊಂದು ವಾರದ ನಸುಕಿನ ಪಾಳಿ ಇದೆ,
ಮಣ್ಣೊಲೆಯ ಒಳಗೋಡೆಗೆ ರೊಟ್ಟಿ ಬಡಿಯುತ್ತ
ಮೊಣಕೈವರೆಗೆ ಬರೆಸಿಕೊಂಡ ಸುಟ್ಟ ಗೆರೆಗಳಿವೆ.
ಉಳಿದದ್ದು ಬಚಾನನದು: ಮಾರಿದ ಒಂದು ಸೈಕಲ್ಲು.

ಒಂಬತ್ತನೇ ಮಹಡಿ. ಅಡುಗೆಮನೆಯ ಮೇಜು.
ಹಿಟ್ಟು ಒರೆಸಿ, ಡಬ್ಬದ ಪಕ್ಕೆ ಬಿಚ್ಚಿ,
ನನ್ನ ತಮ್ಮ ಡಾಕ್ಟರನ ಹಾಗೆ ಕೈ ತೊಳೆದುಕೊಂಡ.
ಮೊದಲು ಓಡಿಸು, ಬಿಸಿಯಾಗಲಿ, ಆಮೇಲೆ ತಿರುಚಿ ತೆಗಿ
ಅನ್ನುವಷ್ಟು ನನಗೂ ಗೊತ್ತಿರಲಿಲ್ಲ.
ಎಳೆದ.
ನಾಲ್ಕು ವರ್ಷ ಒಣಗಿದ ಪೇಸ್ಟು ಹಿಡಿದದ್ದು ಬಿಡಲಿಲ್ಲ;
ಫ್ಯಾನಿನ ಜೊತೆಗೇ ಎದ್ದು ಬಂತು ಹಳೆಯದು,
ಹಲ್ಲು ಕಿತ್ತ ಹಾಗೆ, ಟಪ್ಪೆಂದು.
ಸಾವಿರದ ಮೇಲಿನ ಚಿನ್ನದ ಕಾಲುಗಳಲ್ಲಿ
ಮೂರು ಮಲಗಿದ್ದವು.

'ಹೋಗಲಿ, ಅದರ ಕೆಲಸ ಮುಗಿಯಿತಲ್ಲ.'
ಹೊಸದನ್ನು ಕೂರಿಸಿದ. ಬಟಾಣಿಯಷ್ಟು ಪೇಸ್ಟು. ಸ್ಕ್ರೂ. ಗುಂಡಿ.
ಫ್ಯಾನು ತಿರುಗಿತು.
ಪರದೆ ಕರ್ರಗೆ.

ಫೋನಿನಲ್ಲಿ ತಡಕಾಡಿ ತಿಳಿದದ್ದಿಷ್ಟು:
ಬೋರ್ಡಿಗೆ ಹೊಸಬನ ಗುರುತಿಲ್ಲ.
ಅದು ಬಾಯಿಪಾಠ ಮಾಡಿದ ಹೆಸರುಗಳೆಲ್ಲ
ಈ ಚಿಪ್ ಹುಟ್ಟುವ ಮೊದಲಿನವು.
ಕಲಿಸಬಹುದು. ಆದರೆ ಅದಕ್ಕೆ ಎಚ್ಚರವಿರಬೇಕು,
ಎಚ್ಚರಿಸಬಲ್ಲದ್ದು ಹಳೆಯದೊಂದೇ—
ಸಕ್ಕರೆ ಡಬ್ಬಿಯ ಮೇಲೆ ಮಗುಚಿ ಬಿದ್ದದ್ದು.
ಜಗಳವಾಡಿ ಹೊರಹಾಕಿದವರನ್ನೇ
ಊಟಕ್ಕೆ ಕರೆಯಹೊರಟವನ ಮುಖ ಬಚಾನನದು.

ನಮ್ಮ ಲಿಫ್ಟು ಕಾಸು ಹಾಕಿದರೆ ಮಾತ್ರ ಚಲಿಸುತ್ತದೆ.
ಮೆಟ್ಟಿಲಿಳಿದೆವು, ಐದು ಮಹಡಿ, ಬೊಗಸೆಯಲ್ಲಿ ಅದನ್ನಿಟ್ಟುಕೊಂಡು.
ಜುಂಬೇರ್ ಬಾಗಿಲು ತೆರೆದದ್ದೇ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು.
ಉಕ್ಕಿನ ಕಾರ್ಖಾನೆಯ ಗಡಿಯಾರಗಳಿಗೆಲ್ಲ
ಒಂದು ಕಾಲಕ್ಕೆ ಕೀಲಿ ಕೊಟ್ಟವನು.
'ಇದು ಎಷ್ಟು ಗಂಟೆ ತೋರಿಸುತ್ತದೆ?'
'ತೋರಿಸುವುದಿಲ್ಲ, ಎಣಿಸುತ್ತದೆ. ಸೆಕೆಂಡಿಗೆ ಮುನ್ನೂರ ಅರವತ್ತು ಕೋಟಿ.'
ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು
'ಅವಸರದ ಪ್ರಾಣಿ' ಅಂದ.

ಸೂಜಿಯ ಮೊನೆ ಕಾಲಿನಡಿ ತೂರಿಸಿ, ಉಸಿರು ಬಿಗಿಹಿಡಿದು
ಎಬ್ಬಿಸಿದ. ಒಂದು. ಎರಡು.
ಮೂರನೆಯದಕ್ಕೆ ಮುಂಚೆ ಹೋಗಿ ಟೀ ಕುಡಿದು ಬಂದ.
'ಲೋಹಕ್ಕೆ ನೆನಪು ಜಾಸ್ತಿ. ಇನ್ನೊಮ್ಮೆ ಬಗ್ಗಿಸಿದರೆ
ಮುರಿಯುವುದೇ ಸೈ.'

ಹಳೆಯದು ಮನೆ ಹೊಕ್ಕಿತು, ಪರದೆ ನೀಲಿಯಾಯಿತು.
ಪೆನ್‌ಡ್ರೈವ್. ಶೇಕಡಾ ಲೆಕ್ಕ.
'ವಿದ್ಯುತ್ ಕಡಿತಗೊಳಿಸಬೇಡಿ' ಎಂಬ ಕೆಂಪು ಸಾಲು—
ಇಬ್ಬರು ಹೀಟರ್ ಹಾಕಿದರೆ ಫ್ಯೂಸ್ ಹಾರುವ ಕಟ್ಟಡದಲ್ಲಿ!
ಕೆಟಲ್ಲಿನ ವೈರು ಕಿತ್ತೆ. ಫ್ರಿಜ್ಜಿನದೂ. ದೀಪ ಆರಿಸಿ
ಜ್ವರದ ಮಗುವಿನ ಪಕ್ಕ ಕೂತ ಹಾಗೆ ಕೂತೆವು:
ಅರವತ್ತೊಂದು.
ಅರವತ್ತೊಂದು.
ಅರವತ್ತೊಂದು.
ಅರವತ್ತೆರಡು.

ಹೀಗೆ ಬರಲಿರುವವನ ಹೆಸರನ್ನು ಅಕ್ಷರ ಅಕ್ಷರ ಹೇಳಿಕೊಟ್ಟು
ಅದು ಜಾಗ ಬಿಟ್ಟಿತು. ಈ ಸಲ ಬಿಸಿಯಿರುವಾಗಲೇ,
ತಿರುಚಿ, ಮೆಲ್ಲಗೆ.

ನಲವತ್ತೆಂಟಿದ್ದದ್ದು ತೊಂಬತ್ತಾಯಿತಂತೆ.
ನನಗೆ ವ್ಯತ್ಯಾಸ ಕಾಣಲಿಲ್ಲ.
'ಹುಲ್ಲು ನೋಡು' ಅಂದ.
ಮೊದಲು ಗಾಳಿ ಬಂದರೆ ಇಡೀ ಬಯಲೇ ಒಮ್ಮೆಗೆ ತೊದಲುತ್ತಿತ್ತು,
ಈಗ ಒಂದು ಅಲೆ ಆ ತುದಿಯಿಂದ ಈ ತುದಿಗೆ ದಾಟುತ್ತಿದೆ.
ಮೂರಕ್ಕೆ ಏಳಬೇಕಾದವಳು
ಎರಡರವರೆಗೂ ಆ ಇಲ್ಲದ ಗಾಳಿಯಲ್ಲಿ ಕೂತಿದ್ದೆ.

ಜುಂಬೇರ್ ದುಡ್ಡು ಬೇಡ ಅಂದಿದ್ದ. ಪಾಳಿ ಮುಗಿಸಿ ಬರುತ್ತ
ಅವನ ಬಾಗಿಲ ಹಿಡಿಗೆ ಬಿಸಿ ರೊಟ್ಟಿಯ ಚೀಲ ಸಿಕ್ಕಿಸಿದೆ.
ಹಳೆಯದು ಮೊಟ್ಟೆ ಟ್ರೇಯಲ್ಲಿದೆ, ಕಾಲು ಮೇಲೆ ಮಾಡಿಕೊಂಡು.
ನಲವತ್ತು ಲರಿಗೆ ಮಾರಾಟಕ್ಕಿಟ್ಟಿದ್ದ.
ನಿನ್ನೆ ಯಾರೋ ಕೇಳಿಕೊಂಡು ಫೋನು ಮಾಡಿದರು.
'ಅದಾಗಲೇ ಹೋಯಿತು' ಅಂದ ಬಚಾನ,
ಟ್ರೇಯ ಮೇಲೆ ಕೈಯಿಟ್ಟುಕೊಂಡು.