ಕರಗಿದ್ದು ಮೂರು

ಬೆಟಗೇರಿ ದಾರಿ ಹಿಡದು, ರೈಲ್ವೆ ಗೇಟು ದಾಟಿದ ಮ್ಯಾಲೆ
ಯಾರನ್ನೂ ಕೇಳಬ್ಯಾಡ್ರಿ,
ಅಮೋನಿಯಾ ವಾಸನಿ ಹಿಂದ ಬರ್ರಿ.
ಇಪ್ಪತ್ತೆರಡು ವರ್ಷ ಆತು, ಅಲ್ಲೇ ಅದೀನಿ,
ಬರ್ಫದ ಕಾರಖಾನಿ, ರಾತ್ರಿ ಪಾಳಿ.
ನಮ್ಮೂರಾಗ ನಳ ಬರೂದು ಹನ್ನೆರಡು ದಿನಕ್ಕೊಮ್ಮೆ.
ಮನ್ಯಾಗ ಕೊಡ ಬೋರಲು,
ಇಲ್ಲಿ ನೀರು ನಿಂತಲ್ಲೇ ನಿಂತು ಕಲ್ಲಾಗತೈತಿ.

ಡಬ್ಬಿಯಿಂದ ಗಡ್ಡಿ ಜಾರಿಸಿದಾಗ ನೋಡ್ರಿ,
ಸುತ್ತೂ ಕನ್ನಡಿ. ನಟ್ಟನಡುವ ಮಾತ್ರ
ಹಾಲು ಚೆಲ್ಲಿದಂಗ ಒಂದು ಬಿಳೀ ಗೆರಿ.
ಹೊರಗ ಹೋಗಾಕ ದಾರಿ ಸಿಗದ ಗಾಳಿ ಅದು.

ಆ ಡಿಸೆಂಬರನ್ಯಾಗ ಕಾಲೇಜು ಹುಡುಗರ ಅಖಿಲ ಭಾರತ ಹಾಕಿ
ನಮ್ಮೂರಿಗೆ ಬಂತು.
ಜಾಲಂಧರದವರು, ಭೋಪಾಳದವರು,
ನೀಲಿ ಹಾಸಿನ ಮ್ಯಾಲೆ ಆಡಿ ಬೆಳೆದ ಹುಡುಗರು.
ನಮ್ಮ ಮೈದಾನ ಕೆಂಪು ಗರಸು.
ಅಲ್ಲಿ ಚೆಂಡು ಹೊಡದಲ್ಲಿ ಹೋಗೂದಿಲ್ಲ,
ತನಗ ತಿಳದಲ್ಲಿ ಹೋಗತೈತಿ.
ಅದನ್ನ ನಂಬಿ ನಾವು ಸೆಮಿಫೈನಲ್ ತನಕಾ ಬಂದಿದ್ವಿ.

ದಿನಾ ನಾಕು ಗಡ್ಡಿ ಬತ್ತದ ಹೊಟ್ಟಿನ್ಯಾಗ ಹುಗದು
ಕೈಗಾಡಿ ಮ್ಯಾಲೆ ನಾನೇ ಒಯ್ಯತಿದ್ದೆ,
ಬಾತ ಮೊಣಕಾಲಿಗೆ, ಒಡದ ತುಟಿಗೆ, ಲಿಂಬಿ ಪಾನಕಕ್ಕ.

ಗೋಲಿನ್ಯಾಗ ನಿಂತಾಂವ ಪಿಂಜಾರ ಓಣಿ ದಾವಲ.
ಅವನ ಕಾಲಿನ ಪ್ಯಾಡಿಗೆ ಅವರಪ್ಪ
ಗಾದಿಗೆ ತುಂಬಿದಂಗ ಹತ್ತಿ ತುಂಬಿ ಹೊಲಿದಿದ್ದ.
ಎರಡು-ಎರಡು ಆಗಿ, ಒಬ್ಬೊಬ್ಬರ ಹೊಡತಕ್ಕ ಬಂತು ಆಟ.
ಐದನೇದು ಆ ಪ್ಯಾಡಿಗೆ ಬಡೀತು,
ಹತ್ತಿಯೊಳಗ ಸದ್ದಿಲ್ಲದ ಒಂದು ಗಳಿಗಿ ಕುಂತು
ಜಾರಿ, ಉರುಳಿ, ಗೆರಿ ದಾಟಿತು.
ಒಂದು ಊರು ಇಷ್ಟು ಮೆತ್ತಗ ಸೋತಿದ್ದು
ನಾ ಮತ್ತೆಲ್ಲೂ ನೋಡಿಲ್ಲ.

ರಾತ್ರಿ ಹನ್ನೊಂದಕ್ಕ ಬಂದ್ರು, ಕುಂಟಕೋತ.
ಎಬಿನೇಜರ ಮೊಬೈಲು ತೋರಿಸಿದ: ಕಾಕಾ, ಇಲ್ನೋಡ್ರಿ.
ಯಾವ್ದೋ ದೇಶ. ಇವರಂಥ ಕಾಲೇಜು ಹುಡುಗರ ದೇಶದ ಕಪ್ಪು.
ಸೂರಿನ ಕೆಳಗ ಬರ್ಫದ ಬಯಲು,
ಕಾಲಿಗೆ ಕುಡಗೋಲು ಕಟ್ಟಿದಂಗ ಓಡತಾರ, ಗುದ್ದತಾರ, ಬೀಳತಾರ.
ಚೆಂಡಿಲ್ಲ, ಕರೀ ರಬ್ಬರಿನ ಬಿಲ್ಲಿ.
ನನಗ ನಗಿ ಬಂತು, ಹೊಟ್ಟಿನ ನೆನಪೂ ಬಂತು.
ನಾವು ಒಂದು ಗಡ್ಡಿ ಉಳಿಸಾಕ ಸಾಯ್ತೇವಿ,
ಇವರು ಎಕರೆಗಟ್ಟಲೆ ಹಾಸಿ ಅದರ ಮ್ಯಾಲೆ ಜಗಳಾಡತಾರ!

ದಾವಲ ನಗಲಿಲ್ಲ.
ನನ್ನ ಹಳೇ ಟಾಯರ ಚಪ್ಪಲಿ ಎತ್ತಿ
ಹಿಮ್ಮಡಿ ದುಂಡಗ ಕೊರದ. ಕೇಳಲೇ ಇಲ್ಲ.

ಮೂರು ಗಡ್ಡಿ ಮಲಗಿಸಿದ್ವಿ, ಒಂದಕ್ಕೊಂದು ಹಚ್ಚಿ.
ಕಾಲಿಗೆ ಗೋಣಿಚೀಲ ಸುತ್ತಿಕೊಂಡ್ರು.
ನಾ ಒಂದು ಖಾಲಿ ಡಬ್ಬಿ ಬೋರಲು ಹಾಕಿ
ಗೋಲಾಗಿ ಕುಂತೆ.
ಐದನೇದು ಹೊಡದ ಭೋಪಾಳದ ಹುಡುಗನೂ
ಹೆಬ್ಬೆರಳು ಬಾತು ಬಾಗಲದಾಗ ನಿಂತಿದ್ದ.
ಯಾರೂ ಏನೂ ಅನಲಿಲ್ಲ.
ದಾವಲ ಒಂದು ಚೀಲ ಅವನ ಕಾಲಾಗ ಒಗದ.
ಮೊದಲು ಬಿದ್ದಾಂವ ಅವನೇ.
ಆಮ್ಯಾಲೆ ಎಲ್ಲಾರೂ.
ಗಡ್ಡಿ ಟಳ್ಳಂತ ಸೀಳಿ, ಆ ಬಿಳೀ ಗೆರಿ ಬಿಚ್ಚಿ
ಹುಸ್ಸಂತ ಸಣ್ಣ ಉಸರು ಬಿಟ್ಟಂಗ ಆತು.
ಆಟ ನಿಂತಾಗ ಎರಡು ಹೊಡದಿತ್ತು.
ನೆಲದ ಮ್ಯಾಲೆ ಬರೇ ನೀರು, ರಬ್ಬರಿನ ಬಿಲ್ಲಿ ಗಟಾರದಾಗ.

ಮುಂಜಾನೆ ಸಾಹುಕಾರ ಖಾತೆ ತಗದ.
ಕರಗಿದ್ದು ಮೂರು, ಅಂತ ಬರದಿದ್ದೆ.
ಈ ಚಳ್ಯಾಗ?
ಹೌದ್ರಿ. ಭಾಳ ಬಿಸಿ ಇತ್ತ ರಾತ್ರಿ.
ಅಂವ ನನ್ನ ಒಂಟಿ ಚಪ್ಪಲಿ ನೋಡಿದ,
ಸಹಿ ಮಾಡಿದ.

ಫೈನಲ್ಲು ಕೇಳತೀರೇನು?
ನಾ ಮಲಗಿದ್ದೆ. ಆಟ ಅರ್ಧ ಆಗಿತ್ತಂತ,
ನಳ ಬಂತಂತ,
ಮಂದಿಯೆಲ್ಲಾ ಕೊಡಕ್ಕ ಓಡಿದರಂತ.
ಯಾರು ಗೆದ್ರು ಅನ್ನೂದು ನಮ್ಮ ಓಣ್ಯಾಗ
ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ.